ಕೊಟ್ಟ ಕಡಲು, ಕೊಂಡ ಕಡಲು

ನಮ್ಮೂರಿನ ಸುದ್ದಿಗಳು ಸಣ್ಣವು. ಅಳಿವೆಯ ಬಾಯಲ್ಲಿ ಹೂಳು ತುಂಬಿದೆ. ಕಡಲ ಕಡೆಯ ರಸ್ತೆಯ ಇನ್ನೊಂದು ತುಂಡು ಅಲೆಗೆ ಹೋಗಿದೆ. ಕೈರಂಪಣಿ ಬಲೆಗೆ ಬಂಗುಡೆ ಬಿದ್ದಿದೆ. ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ಯಕ್ಷಗಾನ ಇದೆ. ಶಾಲೆಗೆ ಹಳೆ ವಿದ್ಯಾರ್ಥಿಗಳು ಬೆಂಚು ಕೊಟ್ಟಿದ್ದಾರೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗಿನಿಂದಲೂ ಇಂಥವನ್ನು ಬರೆದು ಪತ್ರಿಕೆಯ ಜಿಲ್ಲಾ ಪುಟಕ್ಕೆ ಕಳಿಸುತ್ತ ಬಂದವನು ನಾನು. ನಿವೃತ್ತಿಯ ಬಳಿಕವೂ ಬಿಟ್ಟಿಲ್ಲ. ಕುಂದಾಪುರ ದಾಟಿ ಬೈಂದೂರಿನತ್ತ ಹೋಗುವಾಗ ಮರವಂತೆಯಲ್ಲಿ ಒಂದು ಪಕ್ಕ ಸೌಪರ್ಣಿಕೆ, ಇನ್ನೊಂದು ಪಕ್ಕ ಅರಬ್ಬಿ ಸಮುದ್ರ, ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವುದನ್ನು ನೋಡಿದವರಿಗೆ, ನಮ್ಮ ಕಡೆ ಕಾಲಿಡಲು ಇರುವ ನೆಲ ಎಷ್ಟು ಎಂಬುದು ಗೊತ್ತು. ಅದೇ ಸಾಲಿನ ಒಂದು ಊರು ನಮ್ಮದು.

ಈ ಸುದ್ದಿಗಳಲ್ಲಿ ಎರಡು ಮಾತ್ರ ಊರನ್ನು ಇಡಿಯಾಗಿ ಮನೆಯಿಂದ ಹೊರಗೆ ಎಳೆಯುತ್ತವೆ. ಒಂದು, ಮೀನು ಬಿದ್ದ ಸುದ್ದಿ. ಇನ್ನೊಂದು, ದೋಣಿ ಮಗುಚಿದ ಸುದ್ದಿ. ಎರಡಕ್ಕೂ ಜನ ಓಡುವುದು ಅದೇ ಹೊಯಿಗೆಯ ಮೇಲೆ. ಎರಡರ ಕೊನೆಯಲ್ಲೂ ಬರುವುದು ದೇವರ ಹೆಸರೇ. ಮೀನು ಬಿದ್ದ ದಿನ "ದೇವ್ರ್ ಕೊಟ್ಟದ್ದ್" ಎನ್ನುತ್ತಾರೆ. ಹೆಣ ದಡಕ್ಕೆ ಬಂದ ದಿನ "ದೇವ್ರ್ ಕರ್ಕಂಡ" ಎನ್ನುತ್ತಾರೆ. ವರ್ಷಗಟ್ಟಲೆ ಇವೆರಡನ್ನೂ ಕೇಳುತ್ತ ಬಂದ ಮೇಲೂ, ಇವು ಒಂದೇ ನಂಬಿಕೆಯ ಎರಡು ಮಾತುಗಳೆಂದು ನಾನು ಒಪ್ಪಲಾರೆ. ಮೊದಲನೆಯದನ್ನು ಮನಸಾರೆ ನಂಬುತ್ತೇನೆ. ಎರಡನೆಯದನ್ನು ಇನ್ನೊಬ್ಬರ ಅಂಗಳದಲ್ಲಿ ನಿಂತು ಹೇಳುವುದು ಅಧರ್ಮ ಎಂದು ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ. ದೇವರ ವಿಷಯದಲ್ಲಿ ಹೀಗೆ ಒಂದನ್ನು ಹಿಡಿದು ಒಂದನ್ನು ಬಿಡಬಹುದೇ ಎಂದು ನನ್ನ ಸ್ನೇಹಿತರು ಕೇಳುತ್ತಾರೆ. ಬಿಡಬೇಕು ಎಂಬುದೇ ನನ್ನ ಉತ್ತರ. ಅದಕ್ಕೆ ಕಾರಣಗಳನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಈ ದಡ ನನಗೆ ಕೊಟ್ಟಿದೆ.

ಮೊದಲು ಕೊಟ್ಟದ್ದರ ಮಾತು. ಗದ್ದೆಯವನು ಬಿತ್ತುತ್ತಾನೆ, ಕಳೆ ಕೀಳುತ್ತಾನೆ, ನೀರು ಕಟ್ಟುತ್ತಾನೆ. ಬೆಳೆ ಬಂದಾಗ ತನ್ನ ಬೆವರಿನ ಫಲ ಎಂದರೆ ಅದರಲ್ಲಿ ಸುಳ್ಳಿಲ್ಲ. ಬಂಗುಡೆಯನ್ನು ಯಾರೂ ಬಿತ್ತಿಲ್ಲ. ಮುಂಗಾರಿನ ದಿನಗಳಲ್ಲಿ ದಡದ ಮೇಲ್ನೀರು ಆಚೆಗೆ ಸರಿದು, ಕೆಳಗಿನ ತಣ್ಣನೆಯ ಸತ್ವದ ನೀರು ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಸಸ್ಯಕಣಗಳು ಹೆಚ್ಚುತ್ತವೆ. ಅವನ್ನು ಅರಸಿಕೊಂಡು ಬೂತಾಯಿ, ಬಂಗುಡೆ ಹಿಂಡುಹಿಂಡಾಗಿ ದಡದತ್ತ ಬರುತ್ತವೆ. ಮನುಷ್ಯನ ಕೈ ಈ ಕೆಲಸದಲ್ಲಿ ಎಲ್ಲಿಯೂ ಇಲ್ಲ. ನಮ್ಮ ಪಾಲಿಗಿರುವುದು ಹೋಗಿ ತರುವ ಕೆಲಸ ಮಾತ್ರ. ಆ ಕೆಲಸ ಎಷ್ಟೇ ಕಷ್ಟದ್ದಾಗಿರಲಿ, ಮೀನು ಬಂದದ್ದು ನಮ್ಮಿಂದ ಎನ್ನಲು ಬರುವುದಿಲ್ಲ. ಒಂದೇ ಬಗೆಯ ಬಲೆ, ಒಂದೇ ಬಗೆಯ ಎಂಜಿನ್ ಇರುವ ಎರಡು ನಾಡದೋಣಿಗಳು ಒಂದೇ ಮುಂಜಾವ ಹೊರಟು, ಒಂದು ತುಂಬಿ ಬರುತ್ತದೆ, ಇನ್ನೊಂದು ಇಂಧನ ಸುಟ್ಟ ಖರ್ಚೂ ಹುಟ್ಟದೆ ಬರುತ್ತದೆ. ಆದ್ದರಿಂದ "ದೇವರು ಕೊಟ್ಟದ್ದು" ಎಂಬುದು ಇಲ್ಲಿ ಭಕ್ತಿಯ ಅಲಂಕಾರವಾಗಿ ಬಂದ ಮಾತಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರೂ ಬಾಯಿಗೆ ಬರುವುದು ಅದೇ.

ಕೊಟ್ಟದ್ದು ಎಂದು ಒಪ್ಪಿದ ಕೂಡಲೇ ಒಂದು ಜವಾಬ್ದಾರಿ ಹುಟ್ಟುತ್ತದೆ. ನನ್ನದಲ್ಲದ್ದು ನನ್ನ ಕೈಗೆ ಬಂದಿದ್ದರೆ ಅದು ನನ್ನೊಬ್ಬನಿಗಾಗಿ ಬಂದದ್ದಲ್ಲ. ನಮ್ಮ ಹಿರಿಯರು ಈ ತತ್ವವನ್ನು ಪ್ರವಚನದಲ್ಲಿ ಹೇಳಿದವರಲ್ಲ, ರಂಪಣಿಯಲ್ಲಿ ಮಾಡಿ ತೋರಿಸಿದವರು. ರಂಪಣಿ ಎಂದರೆ ದಡದಿಂದ ಎಳೆಯುವ ಮಹಾಬಲೆ. ಎತ್ತರದಲ್ಲಿ ನಿಂತವನು ನೀರಿನ ಬಣ್ಣ ನೋಡಿ ಹಿಂಡು ಎಲ್ಲಿದೆ ಎಂದು ಗುರುತು ಹೇಳುತ್ತಿದ್ದ. ದೋಣಿ ಬಲೆಯನ್ನು ಬಿಡುತ್ತ ಹಿಂಡನ್ನು ಸುತ್ತಿ ಬರುತ್ತಿತ್ತು. ಆಮೇಲೆ ಬಲೆಯ ಎರಡು ತುದಿಗಳನ್ನು ಹಿಡಿದು ಎಳೆಯುವುದಕ್ಕೆ ಹತ್ತಿಪ್ಪತ್ತು ಜನ ಸಾಲುತ್ತಿರಲಿಲ್ಲ. ಊರೇ ಬರಬೇಕಿತ್ತು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದವರಿಗೆ ತಲಾ ಪಾಲು. ಎಳೆಯಲು ಬಲವಿಲ್ಲದೆ ಹೆಡಿಗೆ ಹಿಡಿದು ನಿಂತ ಮುದುಕಿಗೆ, ಗಂಡನಿಲ್ಲದವಳಿಗೆ, ಬಲೆಯ ಅಂಚಿನಿಂದ ಬಿದ್ದ ಮೀನನ್ನು ಹೆಕ್ಕುವ ಮಕ್ಕಳಿಗೆ ಸಾರಿಗೆ ಬೇಕಾದಷ್ಟು. ಯಾರೂ ಬೇಡುತ್ತಿರಲಿಲ್ಲ, ಯಾರೂ ದಾನ ಮಾಡುತ್ತಲೂ ಇರಲಿಲ್ಲ. ದೋಣಿ ನಡೆಸುತ್ತಿದ್ದ ನಮ್ಮ ಕೇರಿಯ ಹಿರಿಯ ತಾಂಡೇಲರೊಬ್ಬರನ್ನು, ಅಷ್ಟು ಜನಕ್ಕೆ ಕೊಟ್ಟರೆ ನಿಮಗೇನು ಉಳಿಯುತ್ತಿತ್ತು ಎಂದು ಕೇಳಿದ್ದೆ. "ಕಡ್ಲ್ ಕೊಟ್ಟದ್ದನ್ನ ಒಬ್ರೇ ತಿಂಬುಕಾತ್ತಾ ಮಾಷ್ಟ್ರೆ?" ಎಂದು ತಿರುಗಿ ನನ್ನನ್ನೇ ಕೇಳಿದರು.

ರಂಪಣಿಯ ಕಾಲ ಸ್ವರ್ಗವಾಗಿತ್ತು ಎಂದು ನಾನು ಹೇಳುವುದಿಲ್ಲ. ಬಡತನವಿತ್ತು, ಬಲೆಯ ಒಡೆಯರ ಕೈ ಮೇಲಾಗಿತ್ತು, ಮಳೆಗಾಲದ ಹಸಿವು ಇತ್ತು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ದಡಕ್ಕೆ ಬರುವ ಹಿಂಡನ್ನು ಆಳದಲ್ಲೇ ಸುತ್ತಿ ಹಿಡಿಯತೊಡಗಿದವು. ರಂಪಣಿಯವರಿಗೂ ಪರ್ಸಿನ್‌ನವರಿಗೂ ಜಗಳಗಳಾದವು. ದಶಕ ಮುಗಿಯುವ ಹೊತ್ತಿಗೆ ದೊಡ್ಡ ರಂಪಣಿಗಳು ಬಹುಪಾಲು ಮೂಲೆ ಸೇರಿದ್ದವು. ಈಗ ಉಳಿದಿರುವುದು ಚಿಕ್ಕ ಕೈರಂಪಣಿ. ದೊಡ್ಡ ಬೋಟುಗಳು ಹಲವರಿಗೆ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಕೊಟ್ಟವು, ಮಕ್ಕಳನ್ನು ಕಾಲೇಜಿಗೆ ಕಳಿಸಿದವು. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆ ಬದಲಾವಣೆಯಲ್ಲಿ ದೇವರು ಕೊಟ್ಟ ಎಂಬ ಮಾತು ಬಾಯಲ್ಲಿ ಉಳಿದು, ಪಾಲು ಎಂಬ ನಡೆ ಕೈಯಿಂದ ಜಾರಿತು. ಬೋಟಿನ ತಲೆಗೆ ಹೂವಿನ ಹಾರ ಮೊದಲಿಗಿಂತ ದಪ್ಪವಾಗಿದೆ. ಹೆಡಿಗೆ ಹಿಡಿದು ಬಂದವಳು ಈಗ ಏಲಂನ ಹೊರಗೆ ನಿಂತಿದ್ದಾಳೆ.

ಕೊಟ್ಟದ್ದು ಎಂಬ ನಂಬಿಕೆಯಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಕೊಟ್ಟಷ್ಟನ್ನು ತೆಗೆದುಕೊಳ್ಳಬೇಕು, ಕಿತ್ತುಕೊಳ್ಳಬಾರದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆಯಿಡುವ ಕಾಲ ಎಂಬುದು ಸರಕಾರ ಕೊಡುವ ಕಾರಣ. ಸರಿಯಾದ ಕಾರಣವೇ. ನನಗೆ ಅದು ಒಂದು ವ್ರತದ ಹಾಗೂ ಕಾಣುತ್ತದೆ. ಕೈಗೆ ಎಟುಕುವುದನ್ನು ಬೇಕೆಂದೇ ಬಿಟ್ಟು ಕೂರುವುದು, ಅದು ನನ್ನದಲ್ಲ ಎಂದು ಒಪ್ಪಿದವನಿಗೆ ಮಾತ್ರ ಸಾಧ್ಯ. ನೂಲ ಹುಣ್ಣಿಮೆಗೆ ಮಲ್ಪೆಯ ಮೀನುಗಾರರು ವಡಭಾಂಡೇಶ್ವರದಲ್ಲಿ ಪೂಜೆ ಮಾಡಿಸಿ ಕಡಲಿಗೆ ಹಾಲು, ಹೂ, ತೆಂಗಿನಕಾಯಿ ಅರ್ಪಿಸುತ್ತಾರೆ. ಆಷಾಢದ ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯ ವರಾಹಸ್ವಾಮಿಯ ಸನ್ನಿಧಿಗೆ ಮೀನುಗಾರರೂ ಕೃಷಿಕರೂ ಸಾವಿರಗಟ್ಟಲೆ ಬರುತ್ತಾರೆ. ಆ ಪೂಜೆಗಳಲ್ಲಿ ನಾನೂ ಕೈ ಮುಗಿದು ನಿಲ್ಲುತ್ತೇನೆ. ಕೊಡುವ ಮೊದಲೇ ಕೇಳುವುದು, ಕೊಟ್ಟ ಮೇಲೆ ನೆನೆಯುವುದು, ಎರಡೂ ಮನುಷ್ಯನಿಗೆ ಒಪ್ಪುವ ನಡೆ. ಆದರೆ ಹಾಲೆರೆದು ಬಂದ ರಾತ್ರಿಯೇ ಕಣ್ಣು ಕುಕ್ಕುವ ಎಲ್‌ಇಡಿ ಬೆಳಕು ಹಾಕಿ, ಬೆಳಕಿಗೆ ಬಂದ ಮರಿಮೀನನ್ನೂ ಬಿಡದೆ ಬಾಚಿದರೆ, ಎರೆದ ಹಾಲಿಗೆ ಅರ್ಥ ಏನು? ಬೆಳಕಿನ ಮೀನುಗಾರಿಕೆಯನ್ನೂ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಅದನ್ನು ಮೀರುವವನು ಕಾನೂನಿಗಿಂತ ಮೊದಲು ತನ್ನ ಪ್ರಾರ್ಥನೆಯನ್ನೇ ಮೀರಿದ್ದಾನೆ.

ಇಷ್ಟು ಕೊಟ್ಟದ್ದರ ಮಾತು. ದೇವರು ಕೊಟ್ಟ ಎಂದು ಹೇಳುವವನ ಮೇಲೆ ಆ ಮಾತು ಭಾರ ಹೊರಿಸುತ್ತದೆ: ಹಂಚು, ಮಿತವಾಗಿರು, ಮುಂದಿನವರಿಗೆ ಉಳಿಸು. ಹೇಳುವವನನ್ನೇ ಕಟ್ಟಿಹಾಕುವ ಮಾತು ಅದು. ಅದಕ್ಕೇ ಅದರಲ್ಲಿ ಸತ್ಯದ ತೂಕವಿದೆ.

ಇನ್ನು ಕೊಂಡದ್ದು. ಮಳೆಗಾಲದಲ್ಲಿ ದೊಡ್ಡ ಬೋಟುಗಳು ನಿಂತಾಗ ನಾಡದೋಣಿಗಳಿಗೆ ಅವಕಾಶವಿದೆ. ಕಡಲು ಅತಿ ಕೆಟ್ಟಿರುವ ದಿನಗಳೂ ಅವೇ. ದೋಣಿಗಳು ಹೆಚ್ಚಾಗಿ ಮಗುಚುವುದು ನಡುಗಡಲಲ್ಲಿ ಅಲ್ಲ, ದಡ ಕಾಣುವ ಜಾಗದಲ್ಲಿ. ಅಳಿವೆಯಲ್ಲಿ ಹೊಳೆ ತಂದ ಹೂಳು ದಿಬ್ಬವಾಗಿ ನಿಂತಿರುತ್ತದೆ. ದಿಬ್ಬಕ್ಕೆ ಬಡಿದ ಅಲೆ ಅಲ್ಲೇ ಎದ್ದು ಮುರಿಯುತ್ತದೆ. ದೋಣಿ ಅಡ್ಡಕ್ಕೆ ಸಿಕ್ಕಿದರೆ ಮುಗಿಯಿತು. ದಡದಲ್ಲಿ ನಿಂತವರಿಗೆ ತಲೆಗಳು ಕಾಣುತ್ತವೆ, ಕೂಗು ಕೇಳಿಸುತ್ತದೆ, ಹಗ್ಗ ಮುಟ್ಟುವುದಿಲ್ಲ. ಸಂಜೆ ನಾನು ಸುದ್ದಿ ಬರೆಯುತ್ತೇನೆ. ಹೆಸರು, ಪ್ರಾಯ, ಎಷ್ಟು ಗಂಟೆಗೆ ಹೊರಟರು, ದೋಣಿಯಲ್ಲಿ ಎಷ್ಟು ಜನ, ಯಾರು ಈಜಿ ಬಂದರು, ಹವಾಮಾನ ಇಲಾಖೆಯ ಎಚ್ಚರಿಕೆ ಇತ್ತೇ, ಜೀವರಕ್ಷಕ ಜಾಕೆಟ್ ಇತ್ತೇ. ಈ ವಿವರಗಳನ್ನು ಕೇಳಿ ಬರೆಯುವುದು ಸತ್ತವನಿಗೆ ನಾನು ಸಲ್ಲಿಸಬಹುದಾದ ಮರ್ಯಾದೆ ಎಂದು ತಿಳಿದಿದ್ದೇನೆ. ಅವನು ಹೇಗೆ ಸತ್ತ ಎಂಬುದಕ್ಕೆ ಕಾರಣಗಳಿದ್ದವು. ಅವುಗಳಲ್ಲಿ ಕೆಲವನ್ನಾದರೂ ತಪ್ಪಿಸಬಹುದಿತ್ತು.

ಅದೇ ಸಂಜೆ ಅವನ ಮನೆಯ ಅಂಗಳದಲ್ಲಿ ಬೇರೆ ಮಾತು ನಡೆದಿರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು, ಜಗಲಿಯಲ್ಲಿ ಹೆಂಗಸರು. "ಅವನ ಆಯುಷ್ಯ ಅಷ್ಟೇ." "ಕಡಲಮ್ಮ ಕರ್ಕಂಡ್ಲ್." "ಹಣೆಬರ ತಪ್ಪಿಸುಕಾತ್ತಾ?" ಹೇಳುವವರಲ್ಲಿ ಕೆಟ್ಟವರು ಯಾರೂ ಇಲ್ಲ. ಏನೂ ಹೇಳಲು ತೋಚದೆ, ಸುಮ್ಮನಿರಲೂ ಆಗದೆ ಆಡಿದ ಮಾತುಗಳು ಅವು. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ದೇವರು ಕೊಂಡ ಎಂದಮೇಲೆ ಯಾಕೆ ಕೊಂಡ ಎಂದು ಯಾರೋ ಕೇಳುತ್ತಾರೆ. ಯಾವುದೋ ಹರಕೆ ಬಾಕಿ ಇತ್ತು ಎನ್ನುತ್ತಾರೆ ಒಬ್ಬರು. ಯಾವ ಜನ್ಮದ ಕರ್ಮವೋ ಎನ್ನುತ್ತಾರೆ ಇನ್ನೊಬ್ಬರು. ಕೊನೆಗೆ ದನಿ ತಗ್ಗಿಸಿದ ಒಂದು ಮಾತು ಒಳಮನೆಯವರೆಗೆ ಹೋಗುತ್ತದೆ: ಮದುವೆಯಾಗಿ ವರ್ಷ ತುಂಬಿಲ್ಲ, ಹುಡುಗಿಯ ಕಾಲ್ಗುಣ. ಸಂಜೆ ದೇವರ ಇಚ್ಛೆ ಎಂದು ಶುರುವಾದದ್ದು ರಾತ್ರಿಯೊಳಗೆ ಆ ಮನೆಯಲ್ಲಿ ಅತ್ಯಂತ ದುರ್ಬಲಳಾದವಳ ತಲೆಯ ಮೇಲೆ ಬಂದು ಕೂತಿರುತ್ತದೆ. ಇದನ್ನು ನಾನು ನೋಡಿದ್ದೇನೆ. ಅಳಿವೆಯ ಹೂಳನ್ನು ಯಾರೂ ಕೇಳಲಿಲ್ಲ. ಜಾಕೆಟ್ ಯಾಕಿರಲಿಲ್ಲ ಎಂದು ಕೇಳಲಿಲ್ಲ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ ಮಾತ್ರ ಉತ್ತರ ಕೊಡಬೇಕಾಯಿತು, ಅದೂ ಅಳು ನಿಲ್ಲುವ ಮೊದಲೇ.

ಎರಡು ಮಾತುಗಳ ವ್ಯತ್ಯಾಸ ಇಲ್ಲಿದೆ. ಕೊಟ್ಟ ಎಂದಾಗ ಭಾರ ಹೇಳಿದವನ ಹೆಗಲಿಗೆ ಬರುತ್ತದೆ. ಇನ್ನೊಬ್ಬರ ಸಾವನ್ನು ಕುರಿತು ಕೊಂಡ ಎಂದಾಗ ಹೇಳಿದವನ ಭಾರ ಇಳಿಯುತ್ತದೆ. ಅವನು ಹಗುರಾಗಿ ಮನೆಗೆ ಹೋಗುತ್ತಾನೆ. ಒಂದು ನಂಬಿಕೆ ನಮ್ಮನ್ನು ಇನ್ನೊಬ್ಬರತ್ತ ನೂಕಿದರೆ ಅದು ದೇವರ ದಿಕ್ಕಿನದು. ಇನ್ನೊಬ್ಬರಿಂದ ಬಿಡಿಸಿ ಕಳಿಸಿದರೆ ಅದರಲ್ಲಿ ದೇವರ ಹೆಸರು ಎಷ್ಟು ಸಲ ಬಂದರೂ ನಾನು ಅದನ್ನು ಭಕ್ತಿ ಎನ್ನಲಾರೆ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟನ್ನು ಈ ಕರಾವಳಿಯಲ್ಲಿ ಯಾರೂ ಮರೆತಿಲ್ಲ. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ 7 ಮಂದಿ ಅದರಲ್ಲಿದ್ದರು. ಎರಡು ಮೂರು ದಿನಗಳಲ್ಲಿ ಸಂಪರ್ಕ ಕಡಿಯಿತು. ಆಮೇಲೆ ವಾರ, ತಿಂಗಳು. ಹೆಣವಿಲ್ಲ, ಬೋಟಿನ ಹಲಗೆಯಿಲ್ಲ. ಹೆಂಡಂದಿರು ಕುಂಕುಮ ಇಡಬೇಕೋ ಬೇಡವೋ, ಅಮ್ಮಂದಿರು ಊಟಕ್ಕೆ ಕೂರಬೇಕೋ ಬೇಡವೋ. ಏಳು ವರ್ಷ ಸುಳಿವಿಲ್ಲದವನನ್ನು ಕಾನೂನು ಸತ್ತವನೆಂದು ಎಣಿಸುತ್ತದೆ. ಹನ್ನೆರಡು ವರ್ಷ ಕಾದು, ಮುತ್ತುಗದ ಎಲೆಯ ಪ್ರತಿಕೃತಿ ಮಾಡಿ ಸುಡಬೇಕೆಂದು ಹಳೆಯ ಶಾಸ್ತ್ರ ಹೇಳುತ್ತದೆ. ಕಾನೂನಿಗೂ ಶಾಸ್ತ್ರಕ್ಕೂ ಕಾಯುವುದು ಗೊತ್ತಿತ್ತು, ತಿಳಿಯದೆ ಇರುವ ಸಂಕಟಕ್ಕೆ ಕೂಡಲೇ ಹೆಸರಿಡುವ ಆತುರ ಅವಕ್ಕಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಡಲು ಕೊಂಡಿತು ಎಂದುಕೊಂಡು ಊರವರು ಸುಮ್ಮನೆ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಕೂರಲಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಬಂದರಿನ ಕೆಲಸ ಬಿಟ್ಟು, ಮಲ್ಪೆಯಿಂದ ನಡೆದು ಬಂದು ಅಂಬಲಪಾಡಿಯಲ್ಲಿ ಹೆದ್ದಾರಿ ತಡೆದರು. ನಮ್ಮವರು ಎಲ್ಲಿ, ಹುಡುಕಿ ಕೊಡಿ ಎಂದು ಕೇಳಿದರು. ಆ ವರ್ಷದ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ಗುರುತಿಸಿತು. ಹೋದವರು ಬರಲಿಲ್ಲ. ಆದರೂ ಆ ಹುಡುಕಾಟ ವ್ಯರ್ಥ ಎಂದು ನಾನು ತಿಳಿದಿಲ್ಲ. ಹೆದ್ದಾರಿಯಲ್ಲಿ ಬಿಸಿಲಿಗೆ ಕೂತ ಆ ಜನ ದೇವರ ಇಚ್ಛೆಗೆ ಎದುರು ನಿಂತವರೂ ಅಲ್ಲ. ತಮ್ಮವನಲ್ಲದವನನ್ನು ತಮ್ಮವನೆಂದು ಎಣಿಸಿ ಹುಡುಕುವುದಕ್ಕಿಂತ ದೊಡ್ಡ ಪೂಜೆ ನನಗೆ ತಿಳಿಯದು.

ಹೀಗೆ ಹೇಳಿದಾಗ ನನಗೆ ಬರುವ ಮೊದಲ ಆಕ್ಷೇಪ ಇದು: ಎಲ್ಲವೂ ದೇವರ ಅಧೀನ ಎಂದ ಮಧ್ವಾಚಾರ್ಯರ ನಾಡಿನಲ್ಲಿ ಕೂತು ಹೀಗೆ ಮಾತಾಡುತ್ತೀರಲ್ಲ ಮಾಷ್ಟ್ರೆ? ಹೌದು, 13ನೆಯ ಶತಮಾನದಲ್ಲಿ, ಇದೇ ಕರಾವಳಿಯ ಪಾಜಕದಲ್ಲಿ ಹುಟ್ಟಿದ ಆಚಾರ್ಯರು ಇರುವುದನ್ನೆಲ್ಲ ಎರಡಾಗಿ ವಿಂಗಡಿಸಿದರು. ಸ್ವತಂತ್ರ ಎಂಬುದು ವಿಷ್ಣು ಒಬ್ಬನೇ, ಮಿಕ್ಕದ್ದೆಲ್ಲ ಅಸ್ವತಂತ್ರ. ಹೊಯಿಗೆಯ ಮೇಲೆ ನಿಂತು ಕಡಲು ನೋಡಿದವನಿಗೆ ಈ ವಿಂಗಡಣೆ ಅರ್ಥವಾಗಲು ಪಾಠ ಬೇಡ. ಆದರೆ ಅದೇ ಆಚಾರ್ಯರು ಜೀವ ಕರ್ತೃ ಎಂದೂ ಒಪ್ಪಿದ್ದಾರೆ. ಅವನ ಕರ್ತೃತ್ವ ಪರಾಧೀನ, ಆದರೆ ಸುಳ್ಳಲ್ಲ. ಜೀವನಿಗೆ ಮಾಡುವ ಶಕ್ತಿಯೇ ಇಲ್ಲವಾದರೆ ಇದನ್ನು ಮಾಡು, ಇದನ್ನು ಮಾಡಬೇಡ ಎಂದು ಶಾಸ್ತ್ರ ಹೇಳುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಎಲ್ಲ ಅವನದು ಎಂಬುದಕ್ಕೂ ನನ್ನಿಂದ ಏನೂ ಆಗದು ಎಂಬುದಕ್ಕೂ ನಡುವೆ ಬಹಳ ದೂರವಿದೆ. ನಮ್ಮ ಅಂಗಳದ ಮಾತುಗಳಲ್ಲಿ ಆ ದೂರ ಅಳಿಸಿಹೋಗುತ್ತದೆ.

ಮಧ್ವರ ಕಥೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ಪರಂಪರೆ ಹೇಳುವ ಪ್ರಕಾರ, ದ್ವಾರಕೆಯ ಕಡೆಯಿಂದ ಗೋಪೀಚಂದನ ಹೇರಿಕೊಂಡು ಬಂದ ಹಡಗೊಂದು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ಆಚಾರ್ಯರು ಆಗ ದಡದಲ್ಲಿದ್ದರು. ಸರ್ವಸ್ವವೂ ಹರಿಯ ಅಧೀನ ಎಂದು ಲೋಕಕ್ಕೆ ಸಾರಿದವರು ಅವರು. ಹಡಗಿನವರು ಅವರಿಗೆ ಯಾರೂ ಆಗಬೇಕಿರಲಿಲ್ಲ. ಆ ಹಡಗಿನಲ್ಲಿ ಕೃಷ್ಣ ಇದ್ದಾನೆ, ಅವನ ಕಾರ್ಯ ಅವನು ನೋಡಿಕೊಳ್ಳಲಿ ಎಂದು ಅವರು ಕಣ್ಣು ಮುಚ್ಚಬಹುದಿತ್ತು. ಕಥೆಯಲ್ಲಿ ಅವರು ಎದ್ದು ಉತ್ತರೀಯ ಬೀಸುತ್ತಾರೆ, ಹಡಗು ದಡ ಸೇರುತ್ತದೆ. ಏನು ಬೇಕಾದರೂ ಕೇಳಿ ಎಂದ ವರ್ತಕನಿಂದ ಪಡೆದ ಗೋಪೀಚಂದನದ ಗಡ್ಡೆಗಳಲ್ಲಿ ದೊರೆತ ಕೃಷ್ಣ ಉಡುಪಿಗೆ ಹೋದ, ಬಲರಾಮ ವಡಭಾಂಡೇಶ್ವರದಲ್ಲಿ ನಿಂತ. ಉಡುಪಿಯ ಕೃಷ್ಣ ನಮಗೆ ಸಿಕ್ಕಿದ್ದೇ ಅಪರಿಚಿತರ ಹಡಗನ್ನು ಉಳಿಸಿದ ಮೇಲೆ. ಇದನ್ನು ಪವಾಡವೆಂದು ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಥೆ ಕಟ್ಟಿದವರ ಧರ್ಮಪ್ರಜ್ಞೆ ಮಾತ್ರ ಸ್ಪಷ್ಟವಾಗಿದೆ. ಮುಳುಗುವವನನ್ನು ಕಂಡಾಗ ದೈವೇಚ್ಛೆಯ ಪಾಠ ಹೇಳಬಾರದು, ಕೈಯಲ್ಲಿ ಇರುವುದನ್ನು ಬೀಸಬೇಕು.

ಒಮ್ಮೆ ಹೀಗೆ ನೋಡಲು ಶುರುಮಾಡಿದರೆ ಈ ಕರಾವಳಿಯ ದೇವರುಗಳೆಲ್ಲ ಅದೇ ಮಾತನ್ನು ಹೇಳುತ್ತಾರೆ. ಮರವಂತೆಯಲ್ಲಿ ನದಿಗೂ ಕಡಲಿಗೂ ನಡುವೆ ಕೂತಿರುವವನು ವರಾಹ, ನೀರಿನಲ್ಲಿ ಮುಳುಗಿದ ಭೂಮಿಯನ್ನು ಎತ್ತಿ ತಂದವನು. ದಕ್ಷಿಣಕ್ಕೆ ಹೋದರೆ ಮೀನುಗಾರ ಮೊಗವೀರರ ಪಟ್ಟಣಗಳಲ್ಲಿ ಬೊಬ್ಬರ್ಯನೆಂಬ ದೈವದ ಸ್ಥಾನಗಳಿವೆ. ತುಳು ಪಾಡ್ದನದ ಹಾಡುಗಳು ಹೇಳುವ ಪ್ರಕಾರ ಅವನು ಮುಸ್ಲಿಂ ವರ್ತಕನ ಮಗ, ಕಡಲ ಪಯಣದಲ್ಲಿ ಜೀವ ಬಿಟ್ಟವನು. ಸತ್ತ ಮೇಲೆ ದೈವವಾಗಿ, ಕಡಲಿಗೆ ಹೋಗುವ ಹಿಂದೂ ಬೆಸ್ತರ ದೋಣಿಗಳನ್ನು ಕಾಯುವ ಹೊಣೆ ಹೊತ್ತಿದ್ದಾನೆ. ಈ ಕಥೆಯ ಮುಂದೆ ನಾನು ತಲೆಬಾಗುತ್ತೇನೆ. ನಮ್ಮ ಹಿರಿಯರಿಗೆ ಕಡಲಲ್ಲಿ ಸತ್ತವನೊಬ್ಬ ಸಿಕ್ಕಿದಾಗ ಅವರು ಅವನ ಸಾವಿಗೆ ಕಾರಣ ಹುಡುಕಿ ಅವನ ಮನೆಯವರ ಮೇಲೆ ಹೇರಲಿಲ್ಲ. ಅವನ ಕುಲ ಯಾವುದು ಎಂದು ಅಳೆಯಲಿಲ್ಲ. ಇನ್ನೊಬ್ಬ ಹಾಗೆ ಸಾಯದಂತೆ ಕಾಯುವವನ ಸ್ಥಾನದಲ್ಲಿ ಅವನನ್ನು ಕೂರಿಸಿದರು. ಸಾವಿಗೆ ಅರ್ಥ ಕೊಡುವುದೆಂದರೆ ಇದು. ಯಾಕೆ ಸತ್ತ ಎಂಬುದಕ್ಕೆ ದೇವಲೋಕದ ಲೆಕ್ಕ ಒಪ್ಪಿಸುವುದು ಬೇರೆ, ಅವನ ಸಾವಿನಿಂದ ಬದುಕಿದವರ ರಕ್ಷಣೆಗೆ ದಾರಿ ಮಾಡುವುದು ಬೇರೆ. ಎರಡನೆಯದನ್ನು ಮಾಡುವವರೆಗೆ ಮೊದಲನೆಯದಕ್ಕೆ ನಮಗೆ ಹಕ್ಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಕಷ್ಟದ್ದು, ಅದನ್ನು ನನ್ನ ಮುಂದಿಟ್ಟವರು ಪಂಡಿತರಲ್ಲ. ನಮ್ಮ ಕೇರಿಯಲ್ಲಿ ಮೀನು ಮಾರುವ ಹಿರಿಯ ಹೆಂಗಸೊಬ್ಬರಿದ್ದಾರೆ. ಪ್ರಾಯದಲ್ಲೇ ಗಂಡ ಕಡಲಲ್ಲಿ ಹೋದರು. ಹೆಡಿಗೆ ಹೊತ್ತು, ಬಸ್ಸಿನವರ ಗೊಣಗಾಟ ಕೇಳಿ, ಮನೆಮನೆ ತಿರುಗಿ ಮಕ್ಕಳನ್ನು ಸಾಕಿದರು. ಅವರೊಡನೆ ಮಾತಾಡುತ್ತ ಇದೇ ವಿಚಾರ ಎತ್ತಿದೆ. ಅವರು ಹೇಳಿದರು: "ಕೊಟ್ಟದ್ದೂ ಕಡ್ಲೇ, ತಕಂಡದ್ದೂ ಕಡ್ಲೇ ಮಾಷ್ಟ್ರೆ. ನಾ ಯಾರತ್ರ ಕೇಂಬುದ್?" ನಾನು ಬೇಡ ಎನ್ನುವ ಮಾತನ್ನೇ ಅವರು ಹೇಳಿದರು. ಆ ಮಾತಿನ ಮೇಲೆ ಕಾಲೂರಿ ಅವರು ಅಷ್ಟು ವರ್ಷ ನಿಂತಿದ್ದಾರೆ. ಅದನ್ನು ಅವರಿಂದ ಕಿತ್ತುಕೊಳ್ಳಲು ನಾನು ಯಾರು?

ಕಿತ್ತುಕೊಳ್ಳುವುದಿಲ್ಲ. ಅವರ ಬಾಯಲ್ಲಿ ಆ ಮಾತು ಬೇರೆಯೇ. ಕಳೆದುಕೊಂಡವರು ಅವರು. ಅವರು ಕೊಂಡ ಎಂದಾಗ ಯಾರ ಹೊಣೆಯೂ ಇಳಿಯುವುದಿಲ್ಲ, ಅವರದ್ದಂತೂ ಇಳಿಯಲೇ ಇಲ್ಲ, ಮಾರನೆಯ ಮುಂಜಾವ ಹೆಡಿಗೆ ಹೊರಲೇಬೇಕಿತ್ತು. ಯಾರ ಮೇಲೂ ಹಗೆ ಸಾಧಿಸದೆ, ಅದೇ ಕಡಲಿನ ಮೀನನ್ನೇ ಮಾರಿ ಬದುಕಲು ಅವರು ಮಾಡಿಕೊಂಡ ಒಪ್ಪಂದ ಅದು. ಅದು ಪ್ರಾರ್ಥನೆ. ಅದೇ ಮಾತನ್ನು ಅವರ ಗಂಡನ ಹೆಣ ಬಂದ ದಿನ, ಏನೂ ಕಳೆದುಕೊಳ್ಳದ ನಾನು ಹೇಳಿದ್ದರೆ ಅದು ಪ್ರಾರ್ಥನೆ ಆಗುತ್ತಿರಲಿಲ್ಲ. ಅವರು ವರ್ಷಗಳ ನೋವಿನಿಂದ ತಲುಪಿದ ಜಾಗಕ್ಕೆ ನಾನು ಬಿಟ್ಟಿಯಾಗಿ ಹೋಗಿ ನಿಂತು, ಬನ್ನಿ ಎಂದು ಅವರನ್ನು ಕರೆದ ಹಾಗೆ ಆಗುತ್ತಿತ್ತು. ನನ್ನ ಸುಖದ ಬಗ್ಗೆ ನಾನು ದೇವರು ಕೊಟ್ಟ ಎನ್ನಬೇಕು. ನನ್ನ ದುಃಖದ ಬಗ್ಗೆ ನನಗೆ ಶಕ್ತಿ ಇದ್ದರೆ ದೇವರು ಕೊಂಡ ಎನ್ನಬಹುದು. ಇನ್ನೊಬ್ಬರ ದುಃಖದ ಬಗ್ಗೆ ಆ ಮಾತು ನನ್ನದಲ್ಲ.

ಹಾಗಾದರೆ ಕೊಡುವ ದೇವರೊಬ್ಬ, ಕೊಲ್ಲುವ ಕಡಲೊಂದು ಎಂದು ಲೋಕವನ್ನು ಎರಡಾಗಿ ಒಡೆದಂತಾಗಲಿಲ್ಲವೇ? ಇದು ಕೊನೆಯ ಪ್ರಶ್ನೆ, ನನ್ನನ್ನು ಬಹಳ ಕಾಡಿದ ಪ್ರಶ್ನೆ. ನಾನು ದೇವರನ್ನು ಒಡೆಯುತ್ತಿಲ್ಲ. ಸಾವಿನ ಹಿಂದೆ ಅವನ ಇಚ್ಛೆ ಇದೆಯೋ ಇಲ್ಲವೋ, ಇದ್ದರೆ ಹೇಗೆ ಎಂಬುದು ಅವನಿಗೆ ಸೇರಿದ್ದು. ಅವನ ಪರವಾಗಿ ಅದನ್ನು ಬಿಡಿಸಿ ಹೇಳುವ ಅಧಿಕಾರ ನನಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅಸ್ವತಂತ್ರ ಎಂದು ನನ್ನನ್ನು ಕರೆದುಕೊಳ್ಳುವ ನಾನು, ಸ್ವತಂತ್ರನಾದವನ ಮನಸ್ಸಿನ ಒಳಗೆ ಹೋಗಿ ಬಂದವನಂತೆ ಮಾತಾಡಿದರೆ ಅದೇ ದೊಡ್ಡ ಅಹಂಕಾರ. ಮೀನು ಬಂದಾಗ ಕೃತಜ್ಞತೆ ಹೇಳಲು ಅವನ ಮನಸ್ಸು ತಿಳಿದಿರಬೇಕಾಗಿಲ್ಲ, ನನ್ನ ಕೈಯಲ್ಲಿ ಬಂದದ್ದು ನನ್ನ ಗಳಿಕೆಯಲ್ಲ ಎಂದು ತಿಳಿದಿದ್ದರೆ ಸಾಕು. ಸತ್ತವನ ಮನೆಯಲ್ಲಿ ತೀರ್ಪು ಹೇಳುವುದಕ್ಕೆ ಮಾತ್ರ ದೇವರ ಮನಸ್ಸು ತಿಳಿದಿರಬೇಕು. ಅದು ಯಾರಿಗೂ ತಿಳಿದಿಲ್ಲ.

ಹಾಗಾದರೆ ಆ ಅಂಗಳದಲ್ಲಿ ನಿಂತು ಏನು ಮಾಡಬೇಕು? ನಮ್ಮೂರಿನ ದೋಣಿಯವರಲ್ಲಿ ಒಂದು ನಡೆ ಇನ್ನೂ ಅಲ್ಲಲ್ಲಿ ಉಳಿದಿದೆ. ಜೊತೆಗೆ ದುಡಿಯುತ್ತಿದ್ದವನು ಹೋದರೆ ಆ ಮೀನುಗಾರಿಕೆಯ ಋತು ಮುಗಿಯುವವರೆಗೆ ಅವನ ಪಾಲನ್ನು ತೆಗೆದಿಟ್ಟು ಅವನ ಮನೆಗೆ ಮುಟ್ಟಿಸುತ್ತಾರೆ. ಯಾರೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ನನಗೆ ಅದು ಈ ಇಡೀ ಪ್ರಶ್ನೆಗೆ ಸಿಕ್ಕ ಉತ್ತರವೆಂದೇ ತೋರುತ್ತದೆ. ಕೊಟ್ಟದ್ದರ ಪಾಲು ಕಳೆದುಕೊಂಡವರ ಮನೆಗೆ ಹೋಗುವುದರಲ್ಲಿ, ನಾನು ನಂಬುವ ಮಾತು ನಾನು ಒಪ್ಪದ ಮಾತಿನ ಜಾಗವನ್ನು ತುಂಬುತ್ತದೆ. ರಂಪಣಿಯ ಬಲೆ ಹೋಯಿತು. ಅದರ ಪಾಲು ಹೋಗಬೇಕಾಗಿಲ್ಲ. ಅದನ್ನು ಒಂದು ದೋಣಿಯಿಂದ ಊರಿಗೆ, ಊರಿನಿಂದ ಸರಕಾರಕ್ಕೆ ಹಿಗ್ಗಿಸಬೇಕು. ಮಳೆಗಾಲಕ್ಕೆ ಮೊದಲೇ ಅಳಿವೆಯ ಹೂಳು ತೆಗೆಯಬೇಕು. ಜಾಕೆಟ್ ಹಾಕದೆ ದೋಣಿ ಹತ್ತುವವನನ್ನು ತಾಂಡೇಲನೇ ಕೆಳಗಿಳಿಸಬೇಕು. ಕಡಲು ಕೆಟ್ಟಿದೆ ಎಂದು ಎಚ್ಚರಿಕೆ ಬಂದ ದಿನ ಮನೆಯಲ್ಲಿ ಕೂರುವುದು ಹೇಡಿತನವಲ್ಲ ಎಂದು ಹುಡುಗರಿಗೆ ಹಿರಿಯರು ಹೇಳಬೇಕು, ಕೂತ ದಿನದ ಗಂಜಿಗೆ ದಾರಿಯನ್ನೂ ಮಾಡಬೇಕು. ಪರಿಹಾರದ ಹಣಕ್ಕೆ ಗಂಡನನ್ನು ಕಳೆದುಕೊಂಡ ಹುಡುಗಿ ಕಚೇರಿಯಿಂದ ಕಚೇರಿಗೆ ಅಲೆಯುವಾಗ, ಹೆಣ ಸಿಗದಿದ್ದರೆ ಮರಣಪತ್ರವೂ ಸಿಗದೆ ಅವಳು ನಿಂತಾಗ, ಅರ್ಜಿ ಬರೆದುಕೊಟ್ಟು ಜೊತೆಗೆ ಹೋಗುವವರು ಬೇಕು. ಅಕ್ಷರ ಬಲ್ಲ ನನ್ನಂಥವರ ಪಾಲಿನ ಕೆಲಸ ಅದು. ಅಂಥ ಅರ್ಜಿಗಳನ್ನು ಬರೆಯುವಾಗ ಸಂಧ್ಯಾವಂದನೆಗೆ ಕೂತಾಗಿನ ಏಕಾಗ್ರತೆ ನನಗೆ ಬರುತ್ತದೆ.

ಕಡಲಿನ ಬದಿಯಲ್ಲಿ ಬದುಕುವವರು ನಾಸ್ತಿಕರಾಗುವುದು ಕಷ್ಟ. ನಾನಂತೂ ಆಗಲಾರೆ. ಆದರೆ ಎಂಥ ಆಸ್ತಿಕರಾಗುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಕೊಟ್ಟಾಗ ದೇವರನ್ನು ನೆನೆದು ಕೊಂಡಾಗ ಮನುಷ್ಯರನ್ನು ಮರೆಯುವ ಆಸ್ತಿಕತೆ ಈ ದಡಕ್ಕೆ ಸಾಕಷ್ಟು ನೋವು ಕೊಟ್ಟಿದೆ. ಮುಂದಿನ ಸಲ ದೋಣಿ ಮಗುಚಿದ ಮನೆಗೆ ಹೋಗುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಹಣೆಬರಹದ ಮಾತು ಆ ಮನೆಯವರಿಗೆ ಬಿಡಿ. ಅವರು ಹೇಳಿದರೆ ಕೇಳಿ, ಹೇಳದಿದ್ದರೆ ಸುಮ್ಮನಿರಿ. ಒಳಮನೆಯಲ್ಲಿರುವ ಹುಡುಗಿಗೆ ನಿನ್ನ ತಪ್ಪಿಲ್ಲ ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿ. ಮನೆಗೆ ಮರಳುವ ಮೊದಲು, ಅಳಿವೆಯ ಹೂಳಿನ ಬಗ್ಗೆ ಪಂಚಾಯತಿಗೆ ಕೊಡುವ ಮನವಿಗೆ ನಿಮ್ಮ ಸಹಿಯನ್ನೂ ಹಾಕಿ.